ಕಾರಂಜಾ ಹಿನ್ನೀರಿನ ಹಾಯಿದೋಣಿ

ಹೋದ ತಿಂಗಳು ಸಂಬಂಧಿಕರ ಮನೆಯ ಮದುವೆಗೆಂದು ಬಸವಕಲ್ಯಾಣದಿಂದ ಹೊರಟಿದ್ದೆ. ಹುಮನಾಬಾದಿನ ಹೆದ್ದಾರಿಗೆ ಬರುತ್ತಿದ್ದಂತೆ ಬಸ್ಸು ಕೆಟ್ಟು ನಿಂತಿತು. ಕಿಟಕಿಯ ಹೊರಗೆ ಲಾರಿ ಬಾಡಿ ಕಟ್ಟುವ ಅಂಗಡಿಗಳ ಸಾಲು. ಒಬ್ಬ ಲಾರಿಯ ಮುಂಭಾಗಕ್ಕೆ ಫೈಬರ್ ಹಚ್ಚುತ್ತಿದ್ದ. ಆ ರಾಳದ ವಾಸನೆ ಬಸ್ಸಿನೊಳಗೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಖಾರ, ಗಂಟಲಲ್ಲಿ ಕೂತು ಬಿಡದಂಥದ್ದು. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಹಿಡಿಯಲಿಲ್ಲ. ಒಂದು ವರ್ಷ ನಾನು ಆ ವಾಸನೆಯೊಳಗೇ ಅಡುಗೆ ಮಾಡಿದ್ದೇನೆ, ಉಂಡಿದ್ದೇನೆ, ಮಲಗಿದ್ದೇನೆ.

ಅದು ತೊಂಬತ್ತೆಂಟನೆಯ ಇಸವಿ. ಆಗ ನಾವು ಇದೇ ರಸ್ತೆಯ ಬದಿಯಲ್ಲಿದ್ದೆವು. ಮುಂದೆ ನನ್ನ ಗಂಡ ಕಾಶಿನಾಥರ ಲಾರಿ ಬಾಡಿ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಅಂಗಳ. ಹಗಲಿಡೀ ಸುತ್ತಿಗೆಯ ಸದ್ದು, ಹೈದರಾಬಾದಿನ ಕಡೆಗೆ ಹೋಗುವ ಲಾರಿಗಳ ಹಾರನ್ನು. ನಮ್ಮ ಮಗಳು ಅಶ್ವಿನಿ ಅದರ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಆರು ತುಂಬಿ ಏಳು ನಡೆಯುತ್ತಿತ್ತು. ಜ್ವರ ಬಂತು, ತಲೆಗೇರಿತು, ಗುಲ್ಬರ್ಗಕ್ಕೆ ಒಯ್ದೆವು. ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು. ಒಯ್ಯುವಷ್ಟರಲ್ಲಿ ಮುಗಿದಿತ್ತು. ಯಾರ ತಪ್ಪೂ ಇರಲಿಲ್ಲ. ಯಾರದಾದರೂ ತಪ್ಪು ಇದ್ದಿದ್ದರೆ ಅವರನ್ನು ಬಯ್ಯುತ್ತಲಾದರೂ ಇರಬಹುದಿತ್ತೇನೋ.

ನಾನು ಅಳುತ್ತೇನೆಂದು ಜನ ಕಾದರು. ಬಂದವರು ನನ್ನ ಮುಖ ನೋಡಿ ತಾವೇ ಅತ್ತು ಹೋದರು. ನನಗೆ ಅಳು ಬರಲಿಲ್ಲ. ದುಃಖವೂ ಆಗಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಆದದ್ದು ಹಾಗೆಯೇ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತ ನಿಂತಿರುತ್ತಿದ್ದೆ. ರೊಟ್ಟಿಯ ಹಂಚು ತಾಗಿ ಬೆರಳಿನ ಮೇಲೆ ಗುಳ್ಳೆ ಎದ್ದದ್ದು ಸಂಜೆ ಪಾತ್ರೆ ತಿಕ್ಕುವಾಗ ಕಣ್ಣಿಗೆ ಬೀಳುತ್ತಿತ್ತು. ಯುಗಾದಿ ಬಂತು, ಹೋಯಿತು. ಬೇವೂ ಬೆಲ್ಲವೂ ನಾಲಿಗೆಗೆ ಒಂದೇ ಆಗಿತ್ತು.

ಕಾಶಿನಾಥರೂ ಅಷ್ಟೇ. ಕೆಲಸಕ್ಕೆ ಹೋಗುತ್ತಿದ್ದರು, ಬಂದು ಉಣ್ಣುತ್ತಿದ್ದರು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಮೊದಲೆಲ್ಲ ಸಾರಿಗೆ ಉಪ್ಪು ಕಡಿಮೆಯಾದರೆ ಕೂಗಾಡಿ ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದ ಮನುಷ್ಯ. ಆ ವರ್ಷ ನಾನು ಉಪ್ಪು ಹಾಕುವುದನ್ನೇ ಮರೆತರೂ ಸುಮ್ಮನೆ ಉಂಡು ಏಳುತ್ತಿದ್ದರು. ನಾವು ಜಗಳವಾಡಲಿಲ್ಲ. ಮಗಳ ಹೆಸರನ್ನೂ ಎತ್ತಲಿಲ್ಲ. ಅವಳ ಸಾಲೆಯ ಚೀಲ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ತೆಗೆದಿಡಬೇಕೆಂದು ಇಬ್ಬರಿಗೂ ಅನಿಸಿರಬೇಕು. ಯಾರು ತೆಗೆಯಬೇಕು ಎಂಬ ಮಾತು ಬರುತ್ತದಲ್ಲ, ಅದಕ್ಕೇ ಅದು ಅಲ್ಲೇ ಇತ್ತು.

ಆ ಬೇಸಿಗೆಯಲ್ಲಿ ಮುಂಬಯಿಯಿಂದ ರದ್ದಿ ಕಾಗದ ತುಂಬಿಕೊಂಡು ಹೈದರಾಬಾದಿಗೆ ಹೊರಟಿದ್ದ ಲಾರಿಯೊಂದು ಬದಿಯ ಹಲಗೆ ಮುರಿದುಕೊಂಡು ನಮ್ಮ ಅಂಗಡಿಗೆ ಬಂತು. ಹಲಗೆ ಕೂಡಿಸುವಾಗ ಕಟ್ಟೊಂದು ಬಿಚ್ಚಿ ಕೆಳಗೆ ಬಿತ್ತಂತೆ. ಅದರಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಇತ್ತು. ನುಣುಪು ಹಾಳೆ, ತುಂಬ ಬಣ್ಣದ ಚಿತ್ರ. ಕಾಶಿನಾಥರು ಡ್ರೈವರನನ್ನು ಕೇಳಿ ಅದನ್ನು ಇಟ್ಟುಕೊಂಡರು. ರಾತ್ರಿ ಊಟವಾದ ಮೇಲೆ ನನ್ನ ಮುಂದೆ ಇಟ್ಟರು.

"ಇದರಾಗ ಏನ್ ಬರದಾರ, ಜರಾ ಓದಿ ಹೇಳು."

ಅವರು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವರು. ನಾನು ತವರೂರಾದ ಬಸವಕಲ್ಯಾಣದಲ್ಲಿ ಪಿಯುಸಿ ಓದಿದ್ದೆ. ಇಂಗ್ಲಿಷನ್ನು ತಡವರಿಸುತ್ತ ಓದಬಲ್ಲೆ, ತಿಳಿಯದ ಶಬ್ದಕ್ಕೆ ಹಳೆಯ ನಿಘಂಟು ಇತ್ತು. ಅವರು ತೆರೆದು ತೋರಿಸಿದ ಪುಟದಲ್ಲಿ ಬಿಳಿ ಹಾಯಿ ಬಿಚ್ಚಿದ ಪುಟ್ಟ ಪುಟ್ಟ ದೋಣಿಗಳು, ನೀಲಿ ನೀರು, ತೆಂಗಿನ ಮರ. ತಲೆಬರಹವನ್ನು ಎರಡು ಸಲ ಓದಿಕೊಂಡು ಹೇಳಿದೆ.

"ಸಣ್ಣ ದೋಣಿ ಇದ್ದವರು ಕನಸು ಕಾಣೂ ಊರುಗಳು ಅಂತರಿ. ಒಮ್ಮೆರೆ ಹೋಗಬೇಕಂತ ಆಸೆ ಇಟಗೊಂಡಿರ್ತಾರಲ್ಲ, ಅಂಥಾ ಜಾಗಾ."

"ಎಷ್ಟ ಸಣ್ಣ ದೋಣಿ?"

"ಗಂಡ ಹೆಂಡ್ತಿ ಇಬ್ಬರ ನಡಸೂವಂಥಾವು ಅಂತ ಬರದಾರ. ಇಂಜಿನ್ ಇಲ್ಲ. ಬರೇ ಗಾಳಿ ಮ್ಯಾಲ ಹೋಗ್ತಾವಂತ."

ಅವರು ಪತ್ರಿಕೆಯನ್ನು ತಮ್ಮ ಕಡೆ ತಿರುಗಿಸಿ ಚಿತ್ರ ನೋಡಿದರು. ಆಮೇಲೆ, "ಮುಂದ ಓದು," ಎಂದರು.

ಅಂದಿನಿಂದ ಅದು ರೂಢಿಯಾಯಿತು. ದಿನಕ್ಕೆ ಒಂದು ಊರು. ಗ್ರೀಸ್ ದೇಶದ ನಡುಗಡ್ಡೆಗಳಲ್ಲಿ ಸುಣ್ಣ ಬಳಿದ ಮನೆಗಳು ಗುಡ್ಡದ ಮೇಲಿಂದ ನೀರಿನವರೆಗೆ ಇಳಿದು ಬಂದಿವೆ, ಮುಂಜಾನೆ ಬೇಕರಿಯ ವಾಸನೆ ದೋಣಿಯವರೆಗೆ ಬರುತ್ತದೆ. ಸೇಶೆಲ್ಸಿನಲ್ಲಿ ಆನೆಯ ಬೆನ್ನಿನಂಥ ಕಲ್ಲುಗಳು ದಂಡೆಯಲ್ಲಿ ಮಲಗಿವೆ. ನಾರ್ವೆಯಲ್ಲಿ ಎರಡು ಬೆಟ್ಟಗಳ ನಡುವೆ ನೀರು ಊರೊಳಗೆ ಬರುತ್ತದೆ, ಬೇಸಿಗೆಯಲ್ಲಿ ಕತ್ತಲೆಯೇ ಆಗುವುದಿಲ್ಲ. ನಾನು ಓದಿ ನನಗೆ ತಿಳಿದಷ್ಟು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ನೀರು ಎಷ್ಟು ಆಳ, ಗಾಳಿ ಯಾವ ಕಡೆಯಿಂದ, ಅಲ್ಲಿನವರು ಏನು ಉಣ್ಣುತ್ತಾರೆ. ತಿಂಗಳುಗಟ್ಟಲೆ ಮಾತಿಲ್ಲದೆ ಇದ್ದ ನಾವು ಎಂದೂ ನೋಡದ ಬಂದರುಗಳ ಬಗ್ಗೆ ಮಾತಾಡಿದೆವು. ಬೇರೆ ಯಾವ ಮಾತೂ ನಮಗೆ ಬರುತ್ತಿರಲಿಲ್ಲ.

ಟೋಂಗಾ ಎಂಬ ಕಡೆ ವರ್ಷಕ್ಕೊಮ್ಮೆ ತಿಮಿಂಗಿಲಗಳು ಈಯಲು ಬರುತ್ತವೆ, ತಾಯಿ ಮತ್ತು ಮರಿ ದೋಣಿಯ ಪಕ್ಕದಲ್ಲೇ ಈಜುತ್ತ ಬರುತ್ತವೆ ಎಂದಿತ್ತು. ಅಲ್ಲಿ ನಾನು ನಿಂತೆ.

"ಯಾಕ ನಿಂತಿ?"

"ಏನಿಲ್ರಿ, ಒಂದ್ ಶಬ್ದ ತಿಳೀಲಿಲ್ಲ."

ಆ ಸಾಲು ಬಿಟ್ಟು ಮುಂದಕ್ಕೆ ಓದಿದೆ.

ರೋಹಿಣಿ ಮಳೆ ಬಿದ್ದ ಮೇಲೆ ಅಂಗಳದಲ್ಲಿ ಕಟ್ಟಿಗೆ ಬಂದು ಬಿತ್ತು. ಪತ್ರಿಕೆಯ ಕೊನೆಯ ಪುಟಗಳಲ್ಲಿ ಒಂದು ಚಿಕ್ಕ ದೋಣಿಯ ನಕ್ಷೆಯಿತ್ತು, ಅಳತೆ ಸಮೇತ. ಕಾಶಿನಾಥರು ನನ್ನನ್ನೇನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಜೊತೆ ಬಹಳ ವರ್ಷದಿಂದ ದುಡಿಯುತ್ತಿದ್ದ ಗಫೂರ್ ಚಾಚಾ ಮಾತ್ರ ನಕ್ಷೆ ನೋಡಿ ಗಡ್ಡ ಕೆರೆದುಕೊಂಡ.

"ಮಾಲಕ್, ಲಾರಿ ಬಾಡಿ ಒಳಗ ಮಾಲ್ ನಿಲ್ಲಬೇಕು. ಇದಕ್ಕ ಹೊರಗಿನ ನೀರ್ ಒಳಗ ಬರಬಾರದು. ಉಲ್ಟಾ ಕೆಲಸ ಅದ."

"ಆಗ್ತದೋ ಇಲ್ಲೋ?"

"ಆಗಲಾರದಕ್ಕ ಏನದ? ಆದರ ಈ ಹುಮನಾಬಾದದಾಗ ಎಲ್ಲಿ ಬಿಡ್ತೀರಿ? ಗಟಾರದಾಗ?"

ಕಾಶಿನಾಥರು ನಗಲಿಲ್ಲ. ಗಫೂರ್ ಚಾಚಾ ನನ್ನ ಕಡೆ ನೋಡಿ, ತಾನೂ ನಗು ನಿಲ್ಲಿಸಿ, ಕಟ್ಟಿಗೆ ಹೆರೆಯುವ ರಂದಾ ಕೈಗೆ ತೆಗೆದುಕೊಂಡ.

ಆ ಮಳೆಗಾಲವಿಡೀ ಅಂಗಡಿಯ ಕೆಲಸ ಮುಗಿದ ಮೇಲೆ ಇಬ್ಬರೂ ಅದರ ಮೇಲೇ ಇರುತ್ತಿದ್ದರು. ಹೊರಗೆ ಮಳೆ ಹಿಡಿದರೆ ಮೇಲೊಂದು ತಾಡಪತ್ರಿ ಎಳೆದುಕೊಳ್ಳುತ್ತಿದ್ದರು. ಪಕ್ಕೆಲುಬುಗಳಂತೆ ಕಟ್ಟಿಗೆ ಎದ್ದವು, ಅದರ ಮೇಲೆ ಪ್ಲೈವುಡ್ಡು, ಅದರ ಮೇಲೆ ಫೈಬರು. ಅದರ ವಾಸನೆ ಅನ್ನದಲ್ಲಿ, ಹಾಸಿಗೆಯಲ್ಲಿ, ನನ್ನ ಕೂದಲಲ್ಲಿ. ಆ ಸಲ ನಮ್ಮ ಕಡೆ ಮಳೆ ಜೋರಾಗಿತ್ತು. ಹೆಸರು, ಉದ್ದು ಕೈಗೆ ಬಂದಿದ್ದವು, ಜನ ಖುಷಿಯಲ್ಲಿದ್ದರು. ದಾರಿಯಲ್ಲಿ ಹೋಗುವವರು ಅಂಗಳಕ್ಕೆ ಇಣುಕಿ, "ಏನ್ ಕಾಶಿನಾಥ, ಪ್ರಳಯ ಬರ್ತದೇನು?" ಎಂದು ಕೇಳಿ ಹೋಗುತ್ತಿದ್ದರು. ಮಗಳು ಹೋದ ಮೇಲೆ ತಲೆ ಕೆಟ್ಟಿದೆ ಎಂದು ಆಚೆ ಹೋಗಿ ಆಡುತ್ತಿದ್ದರು. ಆ ಮಾತು ನನ್ನ ಕಿವಿಗೂ ಬೀಳುತ್ತಿತ್ತು. ಬಿದ್ದು ಹೋಗುತ್ತಿತ್ತು, ಅಷ್ಟೇ.

ನಾಗರ ಪಂಚಮಿಗೆ ಅವ್ವ ಬಸವಕಲ್ಯಾಣಕ್ಕೆ ಕರೆಸಿಕೊಂಡಳು. ಓಣಿಯಲ್ಲಿ ಹುಡುಗಿಯರು ಜೋಕಾಲಿ ಆಡುತ್ತಿದ್ದರು. ಅವ್ವ ಬಾಗಿಲು ಅರೆಮುಚ್ಚಿ, ಹಬ್ಬದ ಸಿಹಿ ಅಳ್ಳಿಟ್ಟು ತಟ್ಟೆಗೆ ಹಾಕಿ ಕೊಟ್ಟು, ಎದುರಿಗೆ ಕೂತಳು.

"ಆ ದೋಣಿಯಾಗ ಎಷ್ಟ ಮಂದಿ ಕೂಡ್ತಾರ?" ಎಂದಳು.

"ಗೊತ್ತಿಲ್ಲ."

"ಕೇಳಿಲ್ಲೇನು?"

"ಇಲ್ಲ."

"ಕೇಳ್ ಮಗಳಾ. ಗಂಡಸು ಮನಿ ಅಂಗಳದಾಗ ಬಂಡಿ ಕಟ್ಟಾಕತ್ತಾನಂದ್ರ, ಅದರಾಗ ತನಗ ಜಾಗ ಅದನೋ ಇಲ್ಲೋ ಅಂತ ಹೆಂಡ್ತಿ ಕೇಳಬೇಕು."

ಹಿಂದಿರುಗಿ ಬಂದ ದಿನವೇ ಕೇಳಿದೆ. ಕೇಳಬೇಕೆಂದು ಅನಿಸಿತ್ತೆಂದಲ್ಲ, ಅವ್ವ ಹೇಳಿದ್ದಳೆಂದು. ಕಾಶಿನಾಥರು ಫೈಬರ್ ಮೆತ್ತಿದ ಕೈಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು.

"ಒಬ್ಬರಿಗೆ ಸಾಕಾಗ್ತದ," ಎಂದರು.

"ಎಲ್ಲಿಗೆ ಒಯ್ತೀರಿ?"

"ಸಂಕ್ರಾಂತಿ ಆದ ಮ್ಯಾಲ ತೊಗರಿ ಬ್ಯಾಳಿ ಲಾರಿ ರತ್ನಾಗಿರಿಗೆ ಹೋಗ್ತದ. ಅದರ ಮ್ಯಾಲ ಹೇರತೀನಿ. ಗೋವಾದ ತನಕ ದಂಡಿ ಹಿಡದ ಹೋಗ್ತೀನಿ. ಅಲ್ಲಿಂದ ಮುಂದ ನೋಡೂದು."

"ವಾಪಸ್?"

ಅವರು ಕೈ ಒರೆಸಿಕೊಂಡರು. "ಗೊತ್ತಿಲ್ಲ," ಎಂದರು.

ಈಜಲು ಬಾರದ, ಸಮುದ್ರವನ್ನೇ ನೋಡಿರದ ಮನುಷ್ಯ ಹೀಗೆ ಹೇಳಿದಾಗ ಹೆಂಡತಿಯಾದವಳು ಏನಾದರೂ ಮಾಡಬೇಕಾಗಿತ್ತು. ನಾನು ಒಳಗೆ ಹೋಗಿ ಜೋಳದ ಹಿಟ್ಟು ನಾದಿದೆ. ನಾದುವಾಗ ನನ್ನೊಳಗೆ ಏನಾದರೂ ಏಳುತ್ತದೆಯೇ ಎಂದು ನೋಡಿಕೊಂಡೆ. ಏಳಲಿಲ್ಲ. ಅವರು ಹೋದರೆ ಒಬ್ಬಳಿಗೆ ಎರಡು ರೊಟ್ಟಿ ಸಾಕು ಎಂಬ ಲೆಕ್ಕವೊಂದು ತಲೆಯಲ್ಲಿ ಬಂತು.

ಹಾಯಿ ಹೊಲಿದವಳೂ ನಾನೇ. ಗಫೂರ್ ಚಾಚಾ ಅದಕ್ಕೆ ಪಡದಾ ಎನ್ನುತ್ತಿದ್ದ. ಮೊದಲು ಲಾರಿಯ ತಾಡಪತ್ರಿ ಕತ್ತರಿಸಿ ನೋಡಿದರು, ಬಲು ಭಾರವಾಯಿತು. ಕೊನೆಗೆ ಬಸವಕಲ್ಯಾಣದಲ್ಲಿ ಅವನ ಸೋದರಳಿಯನ ಶಾಮಿಯಾನದ ಅಂಗಡಿಯಿಂದ ಬಿಳಿಯ ಅಸ್ತರಿನ ಬಟ್ಟೆ ತಂದರು. ನನ್ನ ಹೊಲಿಗೆ ಯಂತ್ರದ ಮೇಲೆ ವರ್ಷದಿಂದ ಚಾದರ ಹೊದಿಸಿತ್ತು. ತೆಗೆದರೆ ಸೂಜಿಯ ಕೆಳಗೆ ಸಾಲೆಯ ನೀಲಿ ಬಟ್ಟೆಯ ತುಂಡು ಹಾಗೇ ಸಿಕ್ಕಿಕೊಂಡಿತ್ತು. ಅವಳ ಲಂಗದ ಪಟ್ಟಿ, ಅರ್ಧ ಹೊಲಿದದ್ದು. ಸೂಜಿ ಎತ್ತಿ ತುಂಡನ್ನು ಬದಿಗಿಟ್ಟೆ, ಎಣ್ಣೆ ಬಿಟ್ಟೆ, ಬಿಳಿ ದಾರ ಪೋಣಿಸಿದೆ. ಕೋಣೆ ತುಂಬ ಬಟ್ಟೆ ಹರಡಿತು. ಅಷ್ಟು ದೊಡ್ಡ ಬಟ್ಟೆಯನ್ನು ನಾನು ಅದುವರೆಗೆ ಹೊಲಿದಿರಲಿಲ್ಲ. ಅಂಚಿಗೆ ಮೂರು ಮಡಿಕೆ ಹಾಕಿ ಹೊಲಿದೆ. ಗಾಳಿಗೆ ಹರಿಯಬಾರದು ಎಂದಷ್ಟೇ ಯೋಚಿಸಿದೆ.

ದಸರೆ ಮುಗಿದ ಮೇಲೆ ಕಾರಂಜಾ ಜಲಾಶಯ ತುಂಬಿದೆ ಎಂಬ ಸುದ್ದಿ ಬಂತು. ಹಳ್ಳಿಖೇಡದ ದಾರಿ ಹಿಡಿದು ಹೋದರೆ ಆ ಜಲಾಶಯದ ಹಿನ್ನೀರು ಸಿಗುತ್ತದೆ. ಕಣ್ಣು ಹಾಯುವವರೆಗೂ ನೀರು. ಮುಳುಗಿದ ಜಾಲಿ ಮರಗಳ ತುದಿ ಮಾತ್ರ ಮೇಲೆ ಕಾಣುತ್ತದೆ. ದೋಣಿಯನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಹೋದೆವು. ನಾನೇಕೆ ಹೋದೆ ಎಂದರೆ, ಗಫೂರ್ ಚಾಚಾ, "ಬೇಟಾ, ಪಡದಾ ಹರದರ ಹೊಲ್ಯಾವರು ಯಾರು? ನಡಿ," ಎಂದ. ಅಲ್ಲಿ ಮೀನು ಹಿಡಿಯುವ ತಿಪ್ಪಣ್ಣನೆಂಬುವನು ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ. ದೋಣಿಯನ್ನು ಸುತ್ತ ತಿರುಗಿ ನೋಡಿದ.

"ಚಂದ ಅದರಿ. ಈಜು ಬರ್ತದೇನ್ರಿ ಸಾವುಕಾರ್ರ?"

"ಇಲ್ಲ."

"ಹಂಗಾರ ಅಕ್ಕೋರಿಗೆ ಬರ್ತದೇನು?"

"ಆಕಿ ಬರೂದಿಲ್ಲ," ಎಂದರು ಕಾಶಿನಾಥರು.

ನಾನು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದು ದೋಣಿಯಲ್ಲಿ ಕೂತೆ. ಏಕೆ ಕೂತೆನೋ ಇವತ್ತಿಗೂ ಗೊತ್ತಿಲ್ಲ. ಧೈರ್ಯವಲ್ಲ, ಪ್ರೀತಿಯೂ ಅಲ್ಲ. ದಂಡೆಯಲ್ಲಿ ನಿಲ್ಲುವುದಕ್ಕೂ ಅದರಲ್ಲಿ ಕೂರುವುದಕ್ಕೂ ನನಗೆ ಆಗ ವ್ಯತ್ಯಾಸ ಇರಲಿಲ್ಲ. ಕಾಶಿನಾಥರು ಇಳಿ ಎನ್ನಲಿಲ್ಲ. ಗಫೂರ್ ಚಾಚಾ ಗಾಳಿ ತುಂಬಿದ ಎರಡು ಲಾರಿ ಟ್ಯೂಬುಗಳನ್ನು ನಮ್ಮ ಕಡೆಗೆ ಎಸೆದು, "ಯಾ ಅಲ್ಲಾ," ಎಂದು ಹಿಂದಿನಿಂದ ನೂಕಿದ.

ಹಾಯಿ ಏರಿತು. ಗಾಳಿ ತುಂಬಿಕೊಂಡು ಪಟ್ಟೆಂದು ಬಿಗಿಯಾಯಿತು. ದೋಣಿ ಓಡಿತು. ನಿಜವಾಗಿಯೂ ಓಡಿತು. ಇಂಜಿನ್ನಿಲ್ಲ, ಸದ್ದಿಲ್ಲ, ಕೆಳಗೆ ನೀರು ಸರಸರ ಸರಿಯುವುದಷ್ಟೇ ಕೇಳುತ್ತಿತ್ತು. ಹಿಂದೆ ದಂಡೆಯಲ್ಲಿ ಗಫೂರ್ ಚಾಚಾ ಕುಣಿಯುತ್ತಿದ್ದದ್ದು ಕಾಣಿಸಿತು. ಹೋಗುವುದು ಸುಲಭವಾಗಿತ್ತು. ತಿರುಗಿ ಬರುವುದು ನಮಗೆ ಗೊತ್ತಿರಲಿಲ್ಲ. ಕಾಶಿನಾಥರು ಚುಕ್ಕಾಣಿ ಎಳೆದರು, ಹಗ್ಗ ಎಳೆದರು. ಮೂತಿಯನ್ನು ದಂಡೆಯ ಕಡೆ ತಿರುಗಿಸಿದಾಗಲೆಲ್ಲ ಹಾಯಿ ಸಡಿಲಾಗಿ ಪಟಪಟ ಬಡಿದುಕೊಳ್ಳುತ್ತಿತ್ತು, ದೋಣಿ ಅಡ್ಡಡ್ಡಕ್ಕೆ ಜಾರುತ್ತಿತ್ತು. ಹಾಗೆ ಜಾರುತ್ತ ಜಾರುತ್ತ ನೀರಿನ ನಡುವೆ ಉಳಿದಿದ್ದ ಒಂದು ಗಡ್ಡೆಗೆ ಹೋಗಿ ತಾಗಿತು. ಜಲಾಶಯ ಆಗುವ ಮೊದಲು ಅದು ದನ ಮೇಯಿಸುವ ದಿನ್ನೆಯಾಗಿತ್ತಂತೆ. ಒಂದು ಬೇವಿನ ಮರ, ಕರಿಕೆ ಹುಲ್ಲು, ಬೆಳ್ಳಕ್ಕಿಗಳು. ಬೇರೇನೂ ಇಲ್ಲ.

ಮರದ ಕೆಳಗೆ ಕೂತೆವು. ಅವರಿಗೆಂದು ದೋಣಿಯಲ್ಲಿ ಇಟ್ಟಿದ್ದ ರೊಟ್ಟಿಯ ಗಂಟು ಬಿಚ್ಚಿದೆ. ತಿಪ್ಪಣ್ಣ ತೆಪ್ಪ ತರುವವರೆಗೆ ಕಾಯುವುದಷ್ಟೇ ಉಳಿದಿತ್ತು. ಅವರು ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

"ಯಾಕ ಹೋಗಬೇಕಂತ ಮಾಡೀನಿ, ಕೇಳಲಿಲ್ಲಲ್ಲ ನೀ," ಎಂದರು.

"ಹೇಳ್ರಿ."

"ಹುಮನಾಬಾದದಾಗ ಎಲ್ಲಿ ನೋಡಿದ್ರೂ ಆಕಿ ಇಲ್ಲ. ಅಂಗಡಿ ಮುಂದ ಇಲ್ಲ. ಸಾಲಿ ಗೇಟಿನಾಗ ಇಲ್ಲ. ಮಿಠಾಯಿ ಅಂಗಡಿ ಕಟ್ಟಿ ಮ್ಯಾಲ ಇಲ್ಲ. ಒಂದೊಂದ್ ಜಾಗಾನೂ ಆಕಿ ಇಲ್ಲ, ಆಕಿ ಇಲ್ಲ ಅಂತದ. ಆಕಿ ಎಂದೂ ಬಾರದ ಜಾಗಕ್ಕ ಹೋದರ ಹಂಗ ಅನ್ಸೂದಿಲ್ಲಲ್ಲ. ಅಲ್ಲಿ ಆಕಿ ಮೊದಲಽ ಇರಲಿಲ್ಲ."

ಮಗಳು ಹೋದ ಮೇಲೆ ಅವಳ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಅವರ ಭುಜ ಅಲುಗತೊಡಗಿತು. ನಾನು ನೋಡುತ್ತ ಕೂತೆ. ಅವರ ಬೆನ್ನ ಮೇಲೆ ಕೈ ಇಡಬೇಕೆಂದು ತಿಳಿಯುತ್ತಿತ್ತು. ಕೈ ಏಳಲಿಲ್ಲ. ಇಷ್ಟು ಮಾತ್ರ ಕೇಳಿದೆ:

"ಇಲ್ಲಿ ಆಕಿ ಎಂದೂ ಬಂದಿರಲಿಲ್ಲ. ಈಗ ಹ್ಯಾಂಗ ಅನ್ಸಾಕತ್ತದ?"

ಅವರು ತಲೆ ಎತ್ತಿ ಮರ ನೋಡಿದರು, ನೀರು ನೋಡಿದರು, ಹಕ್ಕಿಗಳನ್ನು ನೋಡಿದರು.

"ಇಲ್ಲೂ ಇಲ್ಲ," ಎಂದರು.

ತಿಪ್ಪಣ್ಣ ಬಂದು ನಮ್ಮ ದೋಣಿಯನ್ನು ತನ್ನ ತೆಪ್ಪಕ್ಕೆ ಕಟ್ಟಿ ಎಳೆದೊಯ್ಯುವಾಗ ಕಾಶಿನಾಥರು ಮತ್ತೆ ಮೊದಲಿನಂತೆಯೇ ಆಗಿದ್ದರು. "ಇದು ಭಾಳ ಸಮೀಪ ಆತು," ಎಂದರು. "ಇನ್ನಾ ದೂರ ಹೋಗಬೇಕು." ರತ್ನಾಗಿರಿಯ ಲಾರಿಯ ಮಾತು ಬಿಡಲಿಲ್ಲ.

ದೋಣಿಯನ್ನು ತಿಪ್ಪಣ್ಣನ ಗುಡಿಸಲ ಮುಂದೆಯೇ ಬಿಟ್ಟು ಬಂದೆವು. ಸಮುದ್ರಕ್ಕೆ ಹೋಗಬೇಕಾದರೆ ಮೊದಲು ತಿರುಗಿ ಬರುವುದನ್ನು ಕಲಿಯಬೇಕಲ್ಲ. ನಾನು ಪತ್ರಿಕೆಯನ್ನು ಮತ್ತೆ ಬಿಚ್ಚಿದೆ. ನಕ್ಷೆಯ ಪಕ್ಕದ ಪುಟದಲ್ಲಿ ಬಾಣದ ಗುರುತುಗಳಿದ್ದವು; ಅದನ್ನು ನಾವು ಗಮನಿಸಿರಲಿಲ್ಲ. ಎದುರುಗಾಳಿಗೆ ಯಾವ ಹಾಯಿದೋಣಿಯೂ ನೆಟ್ಟಗೆ ಹೋಗಲಾರದು, ಓರೆಯಾಗಿ ಹೋಗಿ, ಹೊರಳಿ, ಮತ್ತೆ ಇನ್ನೊಂದು ಕಡೆಗೆ ಓರೆಯಾಗಿ ಹೋಗಬೇಕು, ಅದಕ್ಕೆ ದೋಣಿಯ ಹೊಟ್ಟೆಯ ಕೆಳಗೆ ನೀರಿನಲ್ಲಿ ಇಳಿಬಿಟ್ಟ ಒಂದು ಹಲಗೆ ಬೇಕು ಎಂದಿತ್ತು. ಗಫೂರ್ ಚಾಚಾ ಹಲಗೆ ಕೂಡಿಸಿದ. ಮುಂದೆ ಎರಡು ತಿಂಗಳು ರವಿವಾರಕ್ಕೊಮ್ಮೆ ಹೋಗುತ್ತಿದ್ದೆವು. ನಾನು ದಂಡೆಯಲ್ಲಿ ನಿಂತು ಪತ್ರಿಕೆ ನೋಡಿ ಕೂಗುತ್ತಿದ್ದೆ, ಅವರು ನೀರಿನಲ್ಲಿ ಹಗ್ಗ ಎಳೆಯುತ್ತಿದ್ದರು. ಎರಡು ಸಲ ಮಗುಚಿ ಬಿದ್ದರು. ಟ್ಯೂಬು ಹಿಡಿದು ತೇಲುತ್ತಿದ್ದವರನ್ನು ತಿಪ್ಪಣ್ಣ ಎತ್ತಿ ತಂದ. ನಾನು ಒಣ ಪಂಚೆ ಕೊಟ್ಟೆ. ಆಗಲೂ ನನಗೆ ಏನೂ ಆಗಲಿಲ್ಲ.

ಮುಂದೆ ಏನಾಯಿತೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ದೋಣಿ ಸಮುದ್ರ ಕಾಣಲಿಲ್ಲ. ತಿಪ್ಪಣ್ಣನ ಹತ್ತಿರವೇ ಉಳಿದು, ಕೆಲವು ವರ್ಷ ಮೀನು ಹೊತ್ತು, ಒಂದು ಬೇಸಿಗೆಯಲ್ಲಿ ಬಿರುಕು ಬಿಟ್ಟು ಹೋಯಿತು. ನಾವು ಹುಮನಾಬಾದಿನ ಮನೆ ಬಿಟ್ಟು ಬಸವಕಲ್ಯಾಣಕ್ಕೆ ಬಂದೆವು. ಅಲ್ಲಿ ಅವರು ಬೇರೆ ಅಂಗಡಿ ಹಾಕಿದರು, ನಾನು ಹೊಲಿಗೆ ಕಲಿಸಲು ಕೂತೆ. ಮತ್ತೆ ಮಕ್ಕಳಾಗಲಿಲ್ಲ. ಸುಮಾರು ಐದಾರು ವರ್ಷದ ಮೇಲೆ ಒಮ್ಮೆ ಇಬ್ಬರೂ ರತ್ನಾಗಿರಿಗೆ ಹೋಗಿ ಸಮುದ್ರ ನೋಡಿ ಬಂದೆವು. ಕಾಶಿನಾಥರು ಮೀನುಗಾರರ ದೋಣಿ ಹತ್ತಿ, ಒಳಗೆ ಹೋದಷ್ಟು ಹೊತ್ತೂ ವಾಂತಿ ಮಾಡಿಕೊಂಡು, ಇಳಿದು ಬಂದು, "ಕಾರಂಜಾ ಚಲೋ," ಎಂದರು.

ಆದರೆ ಆ ವರ್ಷ ನನ್ನ ಪಾಲಿಗೆ ಮುಗಿದದ್ದು ಎಳ್ಳ ಅಮಾವಾಸ್ಯೆಯ ದಿನ. ನಮ್ಮ ಕಡೆ ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹಿಂಗಾರಿ ಜೋಳ, ಕಡಲೆ ಹಸಿರಾಗಿರುತ್ತವೆ. ಕಾಳು, ಸೊಪ್ಪು ಬೆರೆಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗಿ ಹೊಲದಲ್ಲೇ ಉಣ್ಣುವುದು. ನಮಗೆ ಹೊಲವಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಬಸವಕಲ್ಯಾಣಕ್ಕೆ ಹೋಗಿ ಅಣ್ಣನ ಹೊಲದಲ್ಲಿ ಉಣ್ಣುತ್ತಿದ್ದೆವು. ಆ ಸಲ ಕಾಶಿನಾಥರು ಕಾರಂಜಾಕ್ಕೆ ಹೋಗೋಣ ಎಂದರು. ಸಂಕ್ರಾಂತಿ ಸಮೀಪಿಸಿತ್ತು, ಲಾರಿಯವನು ದಿನ ಗೊತ್ತು ಮಾಡಿದ್ದ. ಒಮ್ಮೆ ಆ ತುದಿಯವರೆಗೆ ಹೋಗಿ ತಾನೇ ತಿರುಗಿ ಬರಬೇಕು, ಬಂದರೆ ಸಮುದ್ರಕ್ಕೂ ಹೋಗಬಹುದು ಎಂದು ಅವರ ಲೆಕ್ಕ.

ಬೆಳಗಿನಲ್ಲಿ ಎದ್ದು ಭಜ್ಜಿ ಮಾಡಿದೆ. ಅವರೆ, ತೊಗರಿ, ಬಟಾಣಿ, ಮೆಂತ್ಯದ ಸೊಪ್ಪು, ಹುಣಸೆ, ಎಲ್ಲ ಹಾಕಿ ಕುದಿಸಿದೆ. ಟ್ರ್ಯಾಕ್ಟರಿನಲ್ಲಿ ಹೋಗಿ ದಂಡೆ ಮುಟ್ಟಿದಾಗ ಬಿಸಿಲು ಏರಿತ್ತು. ತಿಪ್ಪಣ್ಣನ ಮನೆಯವರು ಆಗಲೇ ಒಲೆ ಹೂಡಿದ್ದರು. ಕಾಶಿನಾಥರು ಉಣ್ಣಲು ನಿಲ್ಲಲಿಲ್ಲ. "ಬಂದ ಉಣತೀನಿ," ಎಂದು ಹೊರಟರು.

ಗಾಳಿ ಚೆನ್ನಾಗಿತ್ತು. ಹಾಯಿ ಬಿಳಿಯಾಗಿ, ಆಮೇಲೆ ಚಿಕ್ಕದಾಗಿ, ಆಮೇಲೆ ಬೆಳ್ಳಕ್ಕಿಯಷ್ಟಾಗಿ ಹೋಯಿತು. ಗಡ್ಡೆಯನ್ನು ದಾಟಿ, ಆಚೆ ನೀರು ಹೊರಳುವ ಕಡೆ ಮರೆಯಾಯಿತು. ನಾನು ಬುತ್ತಿಯ ಪಕ್ಕ ಕೂತೆ. ತಿಪ್ಪಣ್ಣನ ಮನೆಯವರು ಉಂಡರು, ನನ್ನನ್ನೂ ಕರೆದರು. ನಮ್ಮವರು ಬರಲಿ ಎಂದೆ. ಹೊತ್ತು ಇಳಿಯತೊಡಗಿತು. ಹಾಯಿ ಕಾಣಲಿಲ್ಲ.

ಗಾಳಿ ಜೋರಾಯಿತು. ನೀರಿನ ಮೇಲೆ ಕಪ್ಪು ಗೆರೆಗಳು ಓಡಿದವು. ತಿಪ್ಪಣ್ಣ ಎದ್ದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ತೆಪ್ಪದ ಹಗ್ಗ ಬಿಚ್ಚತೊಡಗಿದ. ಅವನು ಹಗ್ಗ ಬಿಚ್ಚುವುದನ್ನು ನೋಡುತ್ತಿದ್ದಂತೆ ನಾನು ಎದ್ದು ನಿಂತಿದ್ದೆ. ಸೆರಗನ್ನು ಮೈತುಂಬ ಬಿಗಿದು ಸುತ್ತಿಕೊಂಡಿದ್ದೆ. ಇದೇನಿದು ಎಂದುಕೊಂಡೆ. ಚಳಿಯೇ? ಬಿಸಿಲಿತ್ತು. ಬುತ್ತಿ ಬಿಟ್ಟು ನೀರಿನ ಅಂಚಿಗೆ ಬಂದು ನಿಂತ ಮೇಲೆ ಗೊತ್ತಾಯಿತು. ನನಗೆ ಹೆದರಿಕೆಯಾಗಿತ್ತು. ಈ ಮನುಷ್ಯ ಬಾರದೆ ಹೋದರೆ ಎಂಬ ಹೆದರಿಕೆ. ಒಂದು ವರ್ಷ ಜೊತೆಗಿದ್ದೂ ಇಲ್ಲದಂತಿದ್ದ ಈ ಮನುಷ್ಯ.

ಆಗ ಗಡ್ಡೆಯ ಬಲಗಡೆಯಿಂದ ಹಾಯಿ ಹೊರಬಂತು. ಸೀದಾ ನಮ್ಮ ಕಡೆಗಲ್ಲ, ಓರೆಯಾಗಿ ಆಚೆ ದಂಡೆಯ ಕಡೆಗೆ. ಹೋಗಿಯೇಬಿಟ್ಟರು ಎಂದುಕೊಂಡೆ. ಅಲ್ಲಿ ಅದು ಹೊರಳಿತು, ಇತ್ತ ಓರೆಯಾಗಿ ಬಂತು. ಮತ್ತೆ ಹೊರಳಿತು. ಪ್ರತಿಸಲ ಸ್ವಲ್ಪ ಸಮೀಪ, ಪ್ರತಿಸಲ ಮತ್ತೆ ದೂರ ಹೋದಂತೆ. ತಿಪ್ಪಣ್ಣ ಹಗ್ಗ ಕೆಳಗೆ ಹಾಕಿ, "ಬರಾಕತ್ತಾರ ಅಕ್ಕೋರ, ತಾವಽ ಬರಾಕತ್ತಾರ," ಎಂದ. ನಾನು ನೀರಿಗಿಳಿದಿದ್ದೆ. ಸೊಂಟದವರೆಗೆ ನೀರಿತ್ತು. ಇಳಿದದ್ದು ನನಗೆ ಗೊತ್ತಿರಲಿಲ್ಲ.

ದೋಣಿ ನನ್ನ ಹತ್ತಿರ ಬಂದು ನಿಂತಿತು. ಕಾಶಿನಾಥರ ಅಂಗೈ ಹಗ್ಗಕ್ಕೆ ಕಿತ್ತು ರಕ್ತವಾಗಿತ್ತು, ತುಟಿ ಒಡೆದಿತ್ತು, ಮುಖದಲ್ಲಿ ಗೆದ್ದ ಕಳೆ ಇತ್ತು. ಅದನ್ನು ನೋಡಿದ್ದೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಎಷ್ಟ ಹೊತ್ತಾತು ನೋಡೀರೇನು!" ಎಂದು ಒದರಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮುಂಜಾನಿಂದ ಇಲ್ಲಿ ಕುಂತೀನಿ! ಭಜ್ಜಿ ಆರಿ ಕಲ್ಲಾಗ್ಯಾದ! ನಿಮಗ ಹಸಿವಿಲ್ಲ, ನನಗೂ ಇರಬಾರದೇನು? ಈಜು ಬರೂದಿಲ್ಲ, ಏನಿಲ್ಲ, ದೊಡ್ಡ ಸಮುದ್ರ ದಾಟ್ತಾರಂತ! ನಾ ಇಲ್ಲಿ ಒಬ್ಬಾಕೀನ ಏನ್ ಮಾಡ್ಲಿ? ಆಕಿ ಹೋದಳು, ನೀವೂ ಹೋಗ್ರಿ, ನಾ ಇಲ್ಲಿ ಭಜ್ಜಿ ಕಾಯಕೋತ ಕುಂದ್ರತೀನಿ!"

ದಂಡೆಯಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. ನಾನು ಇನ್ನೂ ಏನೇನೋ ಅಂದೆ. ಕಣ್ಣಿಂದ, ಮೂಗಿಂದ ನೀರು ಸುರಿಯುತ್ತಿತ್ತು. ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅದನ್ನು ಅಲ್ಲಾಡಿಸುತ್ತ, ಊರು ಕೇಳುವಂತೆ ಬಯ್ಯುತ್ತಿದ್ದೆ.

ಕಾಶಿನಾಥರು ಹಗ್ಗ ಬಿಟ್ಟರು. ಹಾಯಿ ತಾನಾಗಿ ಕೆಳಗಿಳಿದು ಅವರ ಹೆಗಲ ಮೇಲೆ ಬಿತ್ತು. ಅವರು ನನ್ನನ್ನೇ ನೋಡುತ್ತಿದ್ದರು, ಬಹಳ ದಿನದ ಮೇಲೆ ಊರಿಗೆ ಬಂದವರಂತೆ.

"ಇನ್ನೊಂದ್ ಸಲ ಬಯ್ಯಿ," ಎಂದರು.

ಬಯ್ದೆ. ದಂಡೆ ಹತ್ತುವವರೆಗೆ ಬಯ್ದೆ, ಭಜ್ಜಿ ಬಡಿಸುತ್ತ ಬಯ್ದೆ, ಹಳ್ಳಿಖೇಡದಿಂದ ಹುಮನಾಬಾದಿನವರೆಗೆ ಟ್ರ್ಯಾಕ್ಟರಿನ ಮೇಲೆ ಕೂತು ಬಯ್ಯುತ್ತಲೇ ಬಂದೆ.